ಗಾಳ ನೀರಲ್ಲಿದ್ದಾಗ

ನಿಂತ ನೀರಿನ ಮೇಲೆ ಗಾಳದ ದಾರಕ್ಕೆ ಕಟ್ಟಿದ ಒಂದು ಕೆಂಪು ಬೆಂಡು ನೆಟ್ಟಗೆ ನಿಂತಿತ್ತು. ಆ ಕೆರೆಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ.

ಹವ್ಯಾಸಕ್ಕೆ ಮೀನು ಹಿಡಿಯಲು ಬರುವವರು ಅಲ್ಲಿ ಎಷ್ಟು ಖರ್ಚು ಮಾಡುತ್ತಾರೆ ಎಂದು ಕೇಳಿ ಬರೆದುಕೊಂಡು ಬರಲು ಕಚೇರಿ ನನ್ನನ್ನು ಕಳಿಸಿತ್ತು. ಅದರಿಂದ ಊರಿಗೆ ಗಳಿಕೆ ಇದೆಯೆಂದಾದರೆ ಕೆರೆ ಉಳಿಯುತ್ತಿತ್ತು; ಇಲ್ಲವಾದರೆ ಮುಚ್ಚಿ ಸಂತೆಕಟ್ಟೆ ಮಾಡುವವರಿದ್ದರು. ಏರಿಯ ಮೇಲೆ ಚಹಾ, ಎರೆಹುಳು ಮಾರುತ್ತಿದ್ದ ಸಾತವ್ವನಿಗೆ ಇದು ಗೊತ್ತಿತ್ತು. ಆ ತಟ್ಟಿಯಂಗಡಿ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ.

"ಗಾಳ ನೀರಾಗ ಇದ್ದಾಗ ಕೇಳಬ್ಯಾಡ್ರಿ ಅಕ್ಕಾರ," ಎಂದಿದ್ದಳು. "ಲೆಕ್ಕ ಬಾಯಾಗ ಬಂದ್ರ ಮೀನ ಕಚ್ಚೂದಿಲ್ಲಂತ. ಏನ್ ಕೇಳಿದ್ರೂ ಏನಿಲ್ಲ ಅಂತಾರ. ಸಂಜಿಮುಂದ ಗಾಳ ಎತ್ತಿದ ಮ್ಯಾಲ ಕೇಳ್ರಿ, ಖರೇ ಹೇಳ್ತಾರ."

ಕಡೆಯ ಬಸ್ಸು ಐದಕ್ಕಿತ್ತು. ಕತ್ತಲಾದ ಮೇಲೆ ಆ ಏರಿಯ ಮೇಲೆ ಒಬ್ಬಳೇ ನಡೆಯಲು ನನಗೆ ಭಯವಿತ್ತು. ಸಾತವ್ವ ನೀರು ತರಲು ಹೋದ ಮಧ್ಯಾಹ್ನದ ಹೊತ್ತಿನಲ್ಲಿ ಕೇಳಿ ಮುಗಿಸಿದೆ.

"ಏನಿಲ್ರಿ," ಎಂದ ಟೇಲರ್ ಬಾಳಪ್ಪ, ಬೆಂಡಿನಿಂದ ಕಣ್ಣು ತೆಗೆಯದೆ. "ಸಾತವ್ವನ ಚಾಕ್ಕಿಂತ ಆಕೀ ಹುಳಾನ ರುಚಿ ಅದಾವು, ಅದನ್ನ ಬರ್ಕೋರಿ." ಪಕ್ಕದವರು ಸದ್ದಿಲ್ಲದೆ ನಕ್ಕರು. ಅವನ ಕಾಲಬುಡದಲ್ಲಿ ಹುಳುವಿನ ಮೂರು ಪೊಟ್ಟಣ, ಖಾಲಿ ಲೋಟಗಳು ಇದ್ದವು. ನಾನು ಸೊನ್ನೆ ಬರೆದೆ. ಮೂವತ್ತೊಂದು ಜನ, ಮೂವತ್ತೊಂದು ಸೊನ್ನೆ.

"ಅವರೇ ಹೇಳಿದ್ದಾ?" ಎಂದು ಕಚೇರಿಯಲ್ಲಿ ಸಾಹೇಬರು ಕೇಳಿದರು.

"ಅವರ ಬಾಯಿಂದಲೇ," ಎಂದೆ. ಅದು ಸುಳ್ಳಲ್ಲ.

ಕೆರೆ ಮುಚ್ಚಲು ಮಣ್ಣಿನ ಲಾರಿಗಳು ಬಂದ ದಿನ ನನ್ನನ್ನೂ ಕಳಿಸಿದರು. ಸಾತವ್ವ ಅಂಗಡಿ ಬಿಚ್ಚುತ್ತಿದ್ದಳು. ನನ್ನನ್ನು ಕಂಡು ಕಡೆಯ ಚಹಾ ಸೋಸಿ ಕೊಟ್ಟಳು. "ನೀವು ಪಾಪ ನಾ ಹೇಳಿದಂಗ ಕೇಳಿರ್ತೀರಿ. ಗಾಳ ಎತ್ತಿದ ಮ್ಯಾಲೂ ಸುಳ್ಳ ಹೇಳ್ಯಾರಲ್ಲ, ಹಾಳಾಗಿ ಹೋಗ್ಲಿ ಅವ್ರು."

ಆಗ ಬಾಳಪ್ಪ ಬಂದ. ತನ್ನ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸವಿದೆ, ಬಾ ಎಂದು ಕರೆದ. ಅವಳು ಅವನ ಕಾಲಬುಡಕ್ಕೆ ಉಗುಳಿದಳು.

ಬಾಳಪ್ಪ ನನ್ನತ್ತ ತಿರುಗಿದ. "ನೀವರ ಹೇಳ್ರಿ ಅಕ್ಕಾರ. ನೀವು ಕೇಳಿದಾಗ ನನ್ನ ಗಾಳ ನೀರಾಗ ಇತ್ತಿಲ್ಲೋ?"

ಇಬ್ಬರೂ ನನ್ನನ್ನೇ ನೋಡಿದರು. ಲೋಟ ಇನ್ನೂ ಬಿಸಿಯಿತ್ತು.

"ನೆನಪಿಲ್ಲ," ಎಂದೆ.

ಸಾತವ್ವ ಹುಳುವಿನ ಗಡಿಗೆಯನ್ನು ಏರಿಯ ಮೇಲೆ ಬೋರಲು ಹಾಕಿ, ಅವನನ್ನು ದಾಟಿಕೊಂಡು ಹೊರಟುಹೋದಳು. ಅವಳು ಎಲ್ಲಿಗೆ ಹೋದಳೆಂದು ನಾನು ಯಾರನ್ನೂ ಕೇಳಲಿಲ್ಲ.

ಚಹಾ ಕುಡಿದು ಮುಗಿಸಿದೆ. ಕೆಳಗೆ, ಲಾರಿಗಳು ಕೆರೆಗೆ ಸುರಿದಿದ್ದ ಹಸಿ ಮಣ್ಣಿನಲ್ಲಿ, ಒಂದು ಕೆಂಪು ಬೆಂಡು ಅಲುಗಾಡದೆ ನೆಟ್ಟಗೆ ನಿಂತಿತ್ತು.