ಹಸಿರು ಸೀರೆಯವಳು

ಸುಳ್ಳು ಮಾತು ಮನುಷ್ಯರ ನೆನಪಿನೊಳಗೆ ಹೇಗೆ ಹೊಗುತ್ತದೆ ಎಂಬುದೇ ನನ್ನ ಸಂಶೋಧನೆ. "ಅದಕ್ಕೂ ಓದ್ಬೇಕಾ ವಿಮಲಾಕ್ಷಮ್ಮ? ನಮ್ಮ ಬೀದೀಲಿ ಕೂತ್ಕೊಂಡ್ರೆ ಸಾಕಲ್ಲ!" ಎಂದು ಮನೆಯೊಡತಿ ಆಂಜನಮ್ಮ ಛೇಡಿಸುತ್ತಿದ್ದರು. ಗದಗಿನಿಂದ ಬಂದ ನಾನು ಗರುಡಾಚಾರ್‌ಪಾಳ್ಯದಲ್ಲಿ ಅವರ ಮಹಡಿ ಮೇಲೆ ಬಾಡಿಗೆಗಿದ್ದೆ. 2001ರ ಬೇಸಿಗೆ. ಮಕ್ಕಳ ಕಳ್ಳರು ಬಂದಿದ್ದಾರೆಂದು ಬೀದಿಯೆಲ್ಲ ಗುಲ್ಲೋ ಗುಲ್ಲು.

ಒಂದು ಬೆಳಿಗ್ಗೆ ಗಲಾಟೆ ಕೇಳಿ ಓಡಿದೆ. ಮುನೇಶ್ವರನ ಗುಡಿ ಮುಂದಿನ ಕರೆಂಟ್ ಕಂಬಕ್ಕೆ ಗಯಾಜ್‌ನನ್ನು ಕಟ್ಟಿಹಾಕಿದ್ದರು! ಶಿವಾಜಿನಗರದಿಂದ ಬಂದು ಮನೆಮನೆಯ ಹಾಸಿಗೆಯ ಹತ್ತಿ ಹಿಂಜಿಕೊಡುವವನು. ಹೋದ ತಿಂಗಳು ನನ್ನ ಹಾಸಿಗೆಯನ್ನೂ ಹಿಂಜಿಕೊಟ್ಟಿದ್ದ. ಈಗ ತುಟಿ ಒಡೆದು ರಕ್ತ ಸೋರುತ್ತಿತ್ತು.

"ನಿನ್ನೆ ಇವ್ನು ಹತ್ತಿ ಮೂಟೆಯೊಳಗೆ ಮಗೂನ ತುರುಕ್ತಿದ್ದ. ಕಣ್ಣಾರೆ ಕಂಡೆ ಕಣಮ್ಮ!" ಎಂದರು ಆಂಜನಮ್ಮ. ಪಕ್ಕದಲ್ಲಿ ಅವರ ತಂಗಿಯ ಮಗ ಕೆಂಪರಾಜ್, ಕೈಯಲ್ಲಿ ದೊಣ್ಣೆ.

"ಯಾರ ಮನಿ ಕೂಸು ಕಳದೈತಿ, ಹೇಳ್ರೀ!" ಎಂದು ಕಿರುಚಿದೆ.

"ನೀವು ಸುಮ್ಕಿರಿ ಮೇಡಂ," ಎಂದ ಕೆಂಪರಾಜ್.

ಮೈಯೆಲ್ಲ ಉರಿದುಹೋಯಿತು. ಇದು ಸುಳ್ಳು ಎಂದು ನೇರವಾಗಿ ಹೇಳಿದರೆ ಜನ ಇನ್ನಷ್ಟು ಹಟ ಹಿಡಿಯುತ್ತಾರೆ, ಅದು ನನಗೆ ಗೊತ್ತು. ಹಾಗಾಗಿ ಪ್ರಯೋಗದಲ್ಲಿ ಮಾಡುವುದನ್ನೇ ಮಾಡಿದೆ. ಇಲ್ಲದ್ದೊಂದನ್ನು ಪ್ರಶ್ನೆಯೊಳಗೆ ಸೇರಿಸಿ ಬಿಟ್ಟೆ.

"ಹಂಗಾದ್ರ ಇವನ ಜೋಡಿ ಇದ್ದ ಹಸಿರು ಸೀರಿಯಾಕಿ ಎಲ್ಲಿಗೆ ಓಡಿದ್ಲು?"

"ಕೆರೆ ಕಡೆ!" ಎಂದ ಕೆಂಪರಾಜ್.

"ಕೈಯಲ್ಲಿ ಕೊಡೆ ಇತ್ತು," ಎಂದರು ಎದುರುಮನೆಯ ಮಂಜುಳಮ್ಮ.

"ಹೂಂ ಕಣಮ್ಮ, ಮಗೂನ ಎತ್ಕೊಟ್ಟಿದ್ದೇ ಅವ್ಳು!" ಎಂದರು ಆಂಜನಮ್ಮ.

ಅಬ್ಬಾ! ವರ್ಷಗಟ್ಟಲೆ ಓದಿದ್ದು ಕಣ್ಣೆದುರು ನಡೆಯುತ್ತಿತ್ತು. ಖುಷಿಯೋ ಭಯವೋ ಗೊತ್ತಾಗಲಿಲ್ಲ. "ಅಂಥಾಕಿ ಯಾರೂ ಇಲ್ಲ! ಈಗ, ನಿಮ್ಮ ಮುಂದ, ನಾನ ಹುಟ್ಟಿಸಿದ್ದು!" ಎಂದು ಕೂಗಿದೆ.

ಇನ್ನು ನಾಚಿಕೊಂಡು ಬಿಟ್ಟುಬಿಡುತ್ತಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು! ಯಾರೂ ಕಿವಿಗೇ ಹಾಕಿಕೊಳ್ಳಲಿಲ್ಲ. "ಅಗೋ, ಹಸಿರು ಸೀರೆ!" ಎಂದು ಯಾರೋ ಅರಚಿದರು. ಬೀದಿಯ ತುದಿಯಲ್ಲಿ ಹಸಿರು ಸೀರೆಯುಟ್ಟ ಹೆಂಗಸೊಬ್ಬಳು ಬಿಸಿಲಿಗೆ ಕೊಡೆಯನ್ನು ಮುಖದವರೆಗೆ ಇಳಿಸಿಕೊಂಡು ಬರುತ್ತಿದ್ದಳು. ಜನ ಅತ್ತ ನುಗ್ಗಿದರು. ಕೆಂಪರಾಜನ ದೊಣ್ಣೆ ಮೇಲೆದ್ದಿತು.

ಕೊಡೆ ಕೆಳಗೆ ಬಿತ್ತು. ಧನಲಕ್ಷ್ಮಿ! ಆಂಜನಮ್ಮನ ಸೊಸೆ!

ಆಂಜನಮ್ಮ ಎದ್ದುಬಿದ್ದು ಓಡಿ ಸೊಸೆಯನ್ನು ತಬ್ಬಿಕೊಂಡರು. "ಅಯ್ಯೋ, ಮುಟ್ಬೇಡ್ರೋ! ನಿನ್ನೆ ಬೆಳಿಗ್ಗೆಯಿಂದ ಸಂಜೆಗಂಟ ನಾವಿಬ್ರೂ ಅಡುಗೆಮನೇಲಿ ಹಪ್ಪಳ ಲಟ್ಟಿಸ್ತಿದ್ವಿ. ಹೊಸಿಲೇ ದಾಟಿಲ್ಲ!"

"ಮತ್ತ ಗಯಾಜ್‌ನ ಎಲ್ಲಿ ನೋಡಿದ್ರಿ, ಆಂಜನಮ್ಮಾರ?" ಎಂದೆ.

ಕೆಂಪರಾಜ್ ದೊಣ್ಣೆ ಇಳಿಸಿದ. "ಎಲ್ರೂ ಅಂದ್ರಲ್ಲಮ್ಮ... ಕಣ್ಣಿಗೆ ಕಟ್ಟಿದಂಗೆ ಆಯ್ತು," ಎನ್ನುತ್ತ ಆಂಜನಮ್ಮ ಕಂಬದ ಬಳಿಗೆ ಬಂದು, ತಾವೇ ಹಗ್ಗ ಬಿಚ್ಚಿದರು.

ಗಯಾಜ್‌ನನ್ನು ನನ್ನ ಮೆಟ್ಟಿಲ ಮೇಲೆ ಕೂರಿಸಿ ಚಹಾ ಕೊಟ್ಟೆ. ಗೆದ್ದೆ ಗೆದ್ದೆ ಎಂದು ಕುಣಿಯುವಷ್ಟು ಸಂತೋಷವಾಗಿತ್ತು ನನಗೆ. ಅವನು ಅತ್ತಿತ್ತ ನೋಡಿ, ಹತ್ತಿರಕ್ಕೆ ಬಾಗಿ, ದನಿ ತಗ್ಗಿಸಿದ.

"ಮೇಡಂ, ನೀವು ಅಂದ್ರಲ್ಲ ಆ ಹಸಿರು ಸೀರೆ ಹೆಂಗ್ಸು, ಅವ್ಳನ್ನ ಬಿಡ್ಬೇಡಿ. ನಿನ್ನೆ ಕೆರೆ ಹತ್ರ ನಾನೂ ನೋಡಿದೀನಿ."