ಐದು ಚೌಕಗಳು

"ಮಿಸ್, ನಂದು ಐದರಲ್ಲೇ ಮುಗೀತು."

ಕೊನೆಯ ಬೆಂಚಿನ ಹುಡುಗಿ ಕತ್ತರಿ ಹಿಡಿದ ಕೈಯನ್ನೇ ಮೇಲೆತ್ತಿದ್ದಳು. ಟೀಚರಮ್ಮ ಬೋರ್ಡಿನಿಂದ ತಿರುಗಿ ನೋಡಿದಳು. ಮನೆಯವರು ಚಿಕ್ಕಂದಿನಿಂದ ಕರೆಯುತ್ತಿದ್ದ 'ಟೀಚರಮ್ಮ' ಎಂಬ ಹೆಸರು ನಿಜವಾಗಲು ಇನ್ನೊಂದೇ ವರ್ಷ ಬಾಕಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಹೊರಟ ಪದವಿ ವಿದ್ಯಾರ್ಥಿಗಳು ಸ್ವಂತದ್ದೊಂದು ಸಂಶೋಧನೆ ಮಾಡಿ, ಅದನ್ನು ಮಕ್ಕಳೆದುರು ವಿವರಿಸಿ ತೋರಿಸಬೇಕಿತ್ತು. ಒಂದು ಆಯತವನ್ನು ಅತಿ ಕಡಿಮೆ ಚೌಕಗಳಾಗಿ ಕತ್ತರಿಸುವುದು ಹೇಗೆ? ಎಂಟು ವಾರ ಅವಳು ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು. ಪ್ರತಿ ಸಲವೂ ಸಾಧ್ಯವಾದಷ್ಟು ದೊಡ್ಡ ಚೌಕವನ್ನೇ ಮೊದಲು ಕತ್ತರಿಸಬೇಕು ಎಂಬುದು ಅವಳು ಕಂಡುಕೊಂಡ ಉತ್ತರ. ಅದರ ನಲವತ್ತು ಪುಟಗಳ ರುಜುವಾತನ್ನು ನಾಳೆ ಒಪ್ಪಿಸಬೇಕು.

"ಆರು ಉದ್ದ, ಐದು ಅಗಲದ ಹಾಳೆಗೆ ಆರು ಚೌಕ ಬೇಕೇ ಬೇಕು. ದೊಡ್ಡದನ್ನ ಮೊದಲು ಕತ್ತರಿಸಿದ್ಯಾ?"

"ಇಲ್ಲ ಮಿಸ್. ಹಂಗೆ ಮಾಡಿದ್ರೆ ಪಕ್ಕದಲ್ಲಿ ಚೂರುಚೂರೇ ಉಳಿಯತ್ತೆ. ಅದಕ್ಕೇ ನಾನು..."

"ಅದಕ್ಕೇ ತಪ್ಪಿರೋದು. ನಿಯಮ ಬೋರ್ಡ್ ಮೇಲಿದೆಯಲ್ಲಮ್ಮ."

"ಇವಳು ಉಲ್ಟಾ ರಾಣಿ ಮಿಸ್!" ಎಂದಿತು ಮುಂದಿನ ಬೆಂಚು. ತರಗತಿ ಗೊಳ್ಳೆಂದಿತು. ಟೀಚರಮ್ಮನೂ ನಕ್ಕಳು. ಬೆಂಚಿನ ಮೇಲಿದ್ದ ತುಂಡುಗಳತ್ತ ಕಣ್ಣು ಹಾಯಿಸದೆ, ಹುಡುಗಿಯ ಪುಸ್ತಕದಲ್ಲಿ ಬರೆದಿದ್ದ ಐದರ ಮೇಲೆ ಕೆಂಪು ಗೀಟೆಳೆದಳು. ಆಮೇಲೆ ಎಲ್ಲವನ್ನೂ ಮೊದಲಿನಿಂದ, ನೀರಿನಷ್ಟು ತಿಳಿಯಾಗಿ ವಿವರಿಸಿದಳು.

"ಅರ್ಥ ಆಯ್ತಾ?"

ಹುಡುಗಿ ಕತ್ತರಿ ಕೆಳಗಿಟ್ಟಳು. "ಆಯ್ತು ಮಿಸ್."

ಗಂಟೆ ಹೊಡೆದು ಮಕ್ಕಳು ಹೊರಬಿದ್ದ ಮೇಲೆ, ಕಸ ಎತ್ತಲು ಬಾಗಿದ ಟೀಚರಮ್ಮನಿಗೆ ಕೊನೆಯ ಬೆಂಚಿನ ಕೆಳಗೆ ಐದು ತುಂಡುಗಳು ಸಿಕ್ಕವು. ಬದಿ ಮೂರರ ಚೌಕ ಎರಡು, ಬದಿ ಎರಡರ ಚೌಕ ಮೂರು. ಒಂದು ಇಡೀ ಹಾಳೆಯ ಮೇಲೆ ಅವನ್ನು ಜೋಡಿಸಿದಳು. ಮೇಲಿನ ಸಾಲಿಗೆ ಎರಡು, ಕೆಳಗಿನ ಸಾಲಿಗೆ ಮೂರು. ಅಂಚಿಗೆ ಅಂಚು ಕೂಡಿತು, ಕೂದಲೆಳೆಯಷ್ಟೂ ಉಳಿಯಲಿಲ್ಲ.

ಹಿಂದಿನ ಗೋಡೆಗೊರಗಿ ಪಾಠ ಕೇಳಿದ್ದ, ಅವಳ ಸಂಶೋಧನೆಯ ಮಾರ್ಗದರ್ಶಕರು ಮೆಲ್ಲನೆ ಬಂದು ನಿಂತರು. ತಪ್ಪೆಂದು ಬಾಯಿಬಿಟ್ಟು ಹೇಳುವುದು ಅವರ ಪದ್ಧತಿಯಲ್ಲ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ 'ಹೌದೇ?' ಎಂದಷ್ಟೇ ಬರೆಯುವರು. ಅವಳ ರುಜುವಾತಿನ ಮೂರನೆಯ ಪುಟದಲ್ಲಿ ಮೂರು ಸಲ ಬರೆದಿದ್ದರು. ಮೂರು ಸಲವೂ ಅವಳು ವಿವರಣೆಯನ್ನು ಇನ್ನಷ್ಟು ನಯಗೊಳಿಸಿದ್ದಳೇ ಹೊರತು ಒಂದು ಹಾಳೆ ಕತ್ತರಿಸಿ ನೋಡಿರಲಿಲ್ಲ.

"ನಿಮಗೆ ಗೊತ್ತಿತ್ತಾ ಸರ್?"

"ಎರಡನೇ ವಾರದಿಂದ."

"ಹೇಳಬಹುದಿತ್ತಲ್ಲ ಸರ್!"

"ನೀನೇ ಕಂಡ್ಕೊಳ್ತೀಯ ಅಂತ ಕಾದೆ ಕಣಮ್ಮ." ಅವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. "ಕಾದದ್ದು ಹೆಚ್ಚಾಯ್ತೇನೋ."

ಅವಳು ಐದೂ ತುಂಡುಗಳನ್ನು ಹಿಡಿದು ಪಡಸಾಲೆಗೆ ಓಡಿದಳು. ಹುಡುಗಿ ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ಒಬ್ಬಳೇ ನಿಂತಿದ್ದಳು.

"ನೋಡು ಪುಟ್ಟ, ನೀನು ಮಾಡಿದ್ದು..."

"ಬೈಬೇಡಿ ಮಿಸ್, ಸರಿ ಮಾಡ್ಕೊಂಡೆ," ಎಂದು ಹುಡುಗಿ ಪುಸ್ತಕವನ್ನು ಅವಳತ್ತ ತಿರುಗಿಸಿದಳು.

ಕೆಂಪು ಗೀಟಿನ ಕೆಳಗೆ ಒಂದು ದೊಡ್ಡ ಚೌಕ. ಅದರ ಪಕ್ಕದಲ್ಲಿ, ಒಂದರ ಕೆಳಗೊಂದರಂತೆ ಐದು ಪುಟ್ಟ ಚೌಕಗಳು. ಗೋಂದು ಇನ್ನೂ ಆರಿರಲಿಲ್ಲ.