ಸೂರಿನ ಬಾಡಿಗೆದಾರರು

ಏಣಿ ಹತ್ತಿದ ಮೇಲೆ ಪೇಂಟರ್ ಮಾವನಿಗೆ ಎದುರಾಡುವವರಿಲ್ಲ. ನೆಲದ ಮೇಲೆ ಹೆಂಡತಿ, ಮಗಳು ಇಬ್ಬರ ಬೈಗುಳವನ್ನೂ ಕೇಳಿಸಿಕೊಳ್ಳುತ್ತಿದ್ದ. ಏಣಿಯ ಮೇಲೆ ಮಾತ್ರ ಆತನದೇ ರಾಜ್ಯ. ಕೆಳಗೆ ಏಣಿ ಹಿಡಿದು ನಿಂತ ಅಳಿಯನ ಮಾತನ್ನಂತೂ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

"ಮಾವ, ಸೂರಿನ ಮೂಲೇಲಿ ಅಂಬರಗುಬ್ಬಿಯ ಮಣ್ಣಿನ ಗೂಡಿದೆ. ಹಳೇ ಬಣ್ಣ ನೋಡ್ಕೊಂಡು ಕೆರೀರಿ."

"ನೋಡೋದೇನು? ಈ ತಿಂಗಳು ಬಂತು ಅಂದ್ರೆ ಗೂಡು ಖಾಲಿ. ನಿನಗೆ ಮೀಸೆ ಬರೋಕೆ ಮುಂಚಿನಿಂದ ಕೆರೀತಿದೀನಿ, ಒಂದು ಮೊಟ್ಟೆ ಒಡೆದಿಲ್ಲ."

ಅದು ಸುಳ್ಳಲ್ಲ. ಮರಿಗಳು ಹಾರಿಹೋಗುವ ತಿಂಗಳು ನೋಡಿಕೊಂಡೇ ಆತ ಹೊರಗೋಡೆಯ ಕೆಲಸ ಒಪ್ಪಿಕೊಳ್ಳುತ್ತಿದ್ದ.

ಕೆರೆಯುವ ತಗಡು ಒಂದೇ ಸಲ ತಾಗಿದ್ದು. ಅರ್ಧ ಗೂಡು ಉದುರಿತು. ಉಳಿದ ಅರ್ಧದಲ್ಲಿ ನಾಲ್ಕು ಹಳದಿ ಬಾಯಿಗಳು ತೆರೆದುಕೊಂಡವು. ಮಾವ ತಗಡನ್ನು ಸರಕ್ಕನೆ ಹಿಂದಕ್ಕೆಳೆದ.

"ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ! ಈಗ ಮರಿ ಎಲ್ಲಿಂದ ಬಂತೋ?"

"ಮಳೆ ಬಂದಿದ್ದೇ ಲೇಟು ಮಾವ. ಆ ಸುಡುಬಿಸಿಲಲ್ಲಿ ಗೂಡು ಕಟ್ಟೋಕೆ ಹಸಿ ಮಣ್ಣೆಲ್ಲಿತ್ತು? ಹೋದ ವರ್ಷವೂ ಮಳೆ ಹೀಗೇ ತಡವಾಗಿತ್ತು. ಕಾಲವೇ ಹಿಂದುಮುಂದಾಗಿದೆ, ನೀವು ಮಾತ್ರ ಹಳೇ ಲೆಕ್ಕ ಹಿಡ್ಕೊಂಡಿದೀರಿ."

ಮಾವ ಪೇಂಟ್ ಡಬ್ಬದ ಮುಚ್ಚಳವನ್ನು ಬಟ್ಟಲಿನಂತೆ ಬಗ್ಗಿಸಿ, ಗೂಡಿಗೆ ಆಸರೆಯಾಗುವಂತೆ ತಂತಿಯಲ್ಲಿ ಬಿಗಿದ. ಸದ್ದು ಕೇಳಿ ಹೊರಬಂದ, ಆ ಕಟ್ಟಡದ ಒಡತಿ ಹಲ್ಲಿನ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು.

"ಸೋಮವಾರ ಕ್ಲಿನಿಕ್ ಶುರು! ಆ ಮೂಲೆ ಹಾಗೇ ಬಿಟ್ರೆ ಹಲ್ಲು ಬಿದ್ದ ಬಾಯಿ ಥರ ಕಾಣ್ಸುತ್ತೆ."

"ಮರಿ ಹಾರಿದ ಮೇಲೆ ನಾನೇ ಬಂದು ಬಳೀತೀನಿ ಮೇಡಂ. ತಾಯಿ ವಾಪಸ್ ಬಂದ್ರೆ ಸಾಕಾಗಿದೆ ನಂಗೆ."

ಮೂವರೂ ರಸ್ತೆಯಾಚೆ ಹೋಗಿ ನಿಂತರು. ತಾಯಿಹಕ್ಕಿ ಸೂರಿನವರೆಗೂ ಬಂದು, ಬೆದರಿ, ಹಾರಿಹೋಯಿತು. ಮಾವನಿಗೆ ಅಳುವೇ ಬಂತು. ತುಸು ಹೊತ್ತಿಗೆ ಹಕ್ಕಿ ಮತ್ತೆ ಬಂದು, ಮುಚ್ಚಳದ ಅಂಚಿನ ಮೇಲೆ ಕೂತು, ಕೊಕ್ಕಿನ ಹುಳುವನ್ನು ಮರಿಯ ಬಾಯಿಗಿಟ್ಟಿತು.

"ಅಬ್ಬ!" ಎಂದು ಮೊದಲು ಉಸಿರು ಬಿಟ್ಟವರು ಡಾಕ್ಟರಮ್ಮನೇ.

ಸೋಮವಾರ ಬಂದ ಮೊದಲ ರೋಗಿ ಕೇಳಿಯೇಬಿಟ್ಟ: "ಆ ಮೂಲೆಗೆ ಬಣ್ಣ ಸಾಲಲಿಲ್ವಾ?"

"ಅಲ್ಲಿ ಬಾಡಿಗೆಗೆ ಇದ್ದಾರೆ. ಅವರು ಖಾಲಿ ಮಾಡ್ಲಿ, ಆಮೇಲೆ ನೋಡೋಣ. ಬಾಯಿ ತೆಗೀರಿ."

ಅದೇ ಹೊತ್ತಿಗೆ ಪಕ್ಕದ ಬೀದಿಯ ಮನೆಯೊಂದರಲ್ಲಿ ಮಾವ ಏಣಿ ಹತ್ತಿದ್ದ. ಸೂರಿಗೆ ಕಿವಿಯಿಟ್ಟು ಆಲಿಸಿದ. ಏನೂ ಕೇಳಿಸಲಿಲ್ಲ. ಆದರೂ ತಗಡನ್ನು ಜೇಬಿಗೆ ಸೇರಿಸಿ ಕೆಳಗಿಳಿದು, ಏಣಿಯನ್ನು ತಾನೇ ಹಿಡಿದು ನಿಂತ.

"ಅಳಿಯಂದ್ರೇ, ನೀವೂ ಒಂದ್ಸಲ ಹತ್ತಿ ನೋಡ್ಬಿಡಿ."